ದೊಡ್ಡಪ್ಪನ ಮೂರು ರೂಲು

ಫೆಬ್ರುವರಿ 3

ಸೂಜಿಗೆ ದೊಡ್ಡಪ್ಪನ ಆಶೀರ್ವಾದ.

ಮೊನ್ನೆ ಫೋನು ಇಟ್ಟದ್ದು ನಾನಲ್ಲ, ನನ್ನ ಸಿಟ್ಟು. ನೀನು ಹೇಳಿದ ಹಾಗೆ ಇನ್ನು ಮೇಲೆ ಕಾಗದ ಬರೆದೇ ಮಾತಾಡೋಣ. ನನ್ನ ಬಲಗಿವಿಯನ್ನು ಮೂವತ್ತನಾಲ್ಕು ವರ್ಷ ಲಾರಿಯ ಎಂಜಿನ್ನಿಗೆ ಕೊಟ್ಟಾಗಿದೆ. ಎಡಗಿವಿಗೆ ನಿನ್ನ ಮಾತು ಅರ್ಧ ಬೀಳುತ್ತದೆ, ಉಳಿದರ್ಧ ನಾನೇ ಊಹಿಸಿಕೊಂಡು ಬೈಯುತ್ತೇನೆ. ಕಾಗದವಾದರೆ ಪೂರ್ತಿ ಓದಿಕೊಂಡು ಬೈಯಬಹುದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಬರಹ. ಓದುವ ಕಷ್ಟ ನಿನ್ನದು.

ನನಗೆ ಕೇಳಿಸಿದ್ದು ಇಷ್ಟು. ನಿಮ್ಮ ಕೇಂದ್ರದವರು ಕೊಟ್ಟ ಡೀಸೆಲ್ ಕಾರಿನಲ್ಲಿ ಹಳದಿ ದೀಪ ಹತ್ತಿತು. ಆಮೇಲೆ ಗಾಡಿ ಮೂಗು ಕಟ್ಟಿದವರ ಹಾಗೆ ಏದುಸಿರು ಬಿಡುತ್ತಾ ಕುಂಟಿತು. ನೀನು ರೋಗಿಯ ಮನೆಗೆ ಹೋಗುವುದು ತಪ್ಪಿತು.

ನಾನು ಓಡಿಸಿದ ಲಾರಿಗಳಿಗೆ ಮುಂದೆ ಎರಡು ದೀಪ, ಹಿಂದೆ ಎರಡು ದೀಪ. ಡ್ರೈವರನಿಗೆ ಬುದ್ಧಿ ಹೇಳುವ ದೀಪ ಒಂದೂ ಇರಲಿಲ್ಲ. ಗಾಡಿ ಸುಮ್ಮಸುಮ್ಮನೆ ಕುಂಟುವುದಿಲ್ಲ. ಓಡಿಸುವವರು ಏನೋ ಎಡವಟ್ಟು ಮಾಡಿರುತ್ತಾರೆ. ನಿನಗೆ ಹದಿನೆಂಟು ತುಂಬಿದ ವಾರ, ನಿಮ್ಮಪ್ಪ ಹೆದರಿ ಮನೆಯೊಳಗೆ ಕೂತಿದ್ದಾಗ, ನಿನ್ನ ಕೈಗೆ ಸ್ಟೇರಿಂಗ್ ಕೊಟ್ಟವನು ನಾನು. ಅವತ್ತು ಹೇಳಿದ ಮೂರು ರೂಲು ನೆನಪಿದೆಯೋ, ಇಲ್ಲಾ ಇಂಜೆಕ್ಷನ್ ಚುಚ್ಚುತ್ತಾ ಚುಚ್ಚುತ್ತಾ ಮರೆತೆಯೋ?

ನಿಂತರೆ ಆಫ್. ಅರ್ಧ ನಿಮಿಷ ನಿಂತರೂ ಕೀ ತಿರುಗಿಸು. ಎಂಜಿನ್ ಕೂಗಬಾರದು. ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಟಾಪ್ ಗೇರಿಗೆ ಹಾಕಿ ನಿಧಾನ ಹೋಗು. ಮೂರನೆಯದು ಟ್ಯಾಂಕು. ಅರ್ಧದ ಮೇಲೆ ತುಂಬಿಸಬೇಡ, ಮುಳ್ಳು ತಳ ಮುಟ್ಟದೆ ಬಂಕಿನ ಕಡೆ ತಿರುಗಿ ನೋಡಬೇಡ. ತುಂಬಿದ ಟ್ಯಾಂಕು ಎಂದರೆ ಡೀಸೆಲ್ ಕಳ್ಳನಿಗೆ ನಾವೇ ಕೊಟ್ಟ ಆಹ್ವಾನ.

ಇವುಗಳಲ್ಲಿ ಯಾವುದನ್ನು ಬಿಟ್ಟೆ? ನಿಜ ಹೇಳು.

ಇಂತಿ,
ದೊಡ್ಡಪ್ಪ


ಫೆಬ್ರುವರಿ 12

ದೊಡ್ಡಪ್ಪನವರಿಗೆ ಸೂಜಿಯ ನಮಸ್ಕಾರ.

ಲಕೋಟೆಯ ಮೇಲಾದರೂ ನನ್ನ ಸರಿಯಾದ ಹೆಸರು ಬರೆಯಿರಿ. ‘ಸೂಜಿ ನರ್ಸಮ್ಮ ಯಾರು?’ ಎಂದು ಪೋಸ್ಟ್‌ಮ್ಯಾನ್ ಕೇಂದ್ರದ ಬಾಗಿಲಲ್ಲಿ ನಿಂತು ಕೂಗಿದ. ಈಗ ಕಾಂಪೌಂಡರ್ ಕೂಡ ಹಾಗೇ ಕರೆಯುತ್ತಿದ್ದಾರೆ.

ಮೂರರಲ್ಲಿ ಒಂದನ್ನೂ ಬಿಟ್ಟಿಲ್ಲ. ನಿಮ್ಮಾಣೆ. ದಿನಕ್ಕೆ ಒಂಬತ್ತು ಮನೆ. ಎಂಟು ಮನೆ ಕೇಂದ್ರದ ಸುತ್ತಮುತ್ತಲಿನ ಬೀದಿಗಳಲ್ಲೇ ಇವೆ. ಮನೆಯಿಂದ ಮನೆಗೆ ಮೂರೋ ನಾಲ್ಕೋ ನಿಮಿಷ. ನಿಲ್ಲಿಸುತ್ತೇನೆ, ಆಫ್ ಮಾಡುತ್ತೇನೆ, ಗಾಯ ತೊಳೆದು ಪಟ್ಟಿ ಕಟ್ಟುತ್ತೇನೆ, ಮತ್ತೆ ಹೊರಡುತ್ತೇನೆ. ಒಂಬತ್ತನೆಯದು ಮಾತ್ರ ಹೆದ್ದಾರಿಯ ಆಚೆ, ಇಪ್ಪತ್ತೈದು ನಿಮಿಷದ ದಾರಿ. ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಅಜ್ಜ, ಕಾಲಿನ ಹುಣ್ಣು ಐದು ತಿಂಗಳಿಂದ ಮಾಯುತ್ತಿಲ್ಲ. ಅವರದು ಕೊನೆಯ ಸರದಿ. ಕಾರು ಕೈಕೊಟ್ಟಾಗಲೆಲ್ಲ ತಪ್ಪುವುದು ಅವರದೇ ಪಟ್ಟಿ.

ಕಾರು ವಿಚಿತ್ರವಾಗಿ ಆಡುತ್ತದೆ ದೊಡ್ಡಪ್ಪ. ನಿಂತಾಗ ಎಂಜಿನ್ ತಾನಾಗಿ ಜೋರಾಗುತ್ತದೆ, ಫ್ಯಾನು ಗಿರ್ ಎನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ. ಡೀಸೆಲ್ ಹಾಕಿಸಿದ ದಿನ ಇದು ಜಾಸ್ತಿ. ನನಗೆ ಗಾಬರಿಯಾಗಿ ಕೂಡಲೇ ಕೀ ತೆಗೆದು, ಬಾನೆಟ್ ಎತ್ತಿ ತಣ್ಣಗಾಗಲು ಬಿಡುತ್ತೇನೆ. ಇನ್ನೊಂದು ವಿಷಯ, ನಗಬೇಡಿ. ಭಾನುವಾರ ಆಯಿಲ್ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೀಟು ದಾಟಿದೆ. ನಾನು ಒಂದು ಹನಿಯೂ ಹಾಕಿಲ್ಲ.

ಸೂಪರಿಂಟೆಂಡೆಂಟ್ ಮೇಡಂ ನಿನ್ನೆ ಕರೆದು ಹೇಳಿದರು: ‘ಹೀಗೇ ಆಗ್ತಿದ್ರೆ ಮನೆ ಭೇಟಿ ಬೇರೆಯವರಿಗೆ ಕೊಡ್ತೀನಿ. ನೀವು ಸ್ಟೋರ್ ನೋಡ್ಕೊಳ್ಳಿ.’ ಸ್ಟೋರ್ ಎಂದರೆ ಕಿಟಕಿ ಇಲ್ಲದ ಕೋಣೆ. ಬೆಳಗಿನಿಂದ ಸಂಜೆತನಕ ಹತ್ತಿ, ಬ್ಯಾಂಡೇಜುಗಳ ನಡುವೆ ನಾನೂ ಒಂದು ಡಬ್ಬಿಯ ಹಾಗೆ ಕೂರಬೇಕು. ಮನೆ ಭೇಟಿಯ ಕೆಲಸಕ್ಕಾಗಿ ಆರು ವರ್ಷ ಕಾದಿದ್ದೇನೆ. ಇದೊಂದು ಕೈತಪ್ಪಬಾರದು.

ನಿಮ್ಮ
ಸೂಜಿ


ಫೆಬ್ರುವರಿ 20

ಸೂಜಿಗೆ,

ಎಣ್ಣೆ ಕುಡಿಯುವ ಎಂಜಿನ್ ಕಂಡಿದ್ದೇನೆ. ಎಣ್ಣೆ ಹೆರುವ ಎಂಜಿನ್ ಈ ಜನ್ಮದಲ್ಲಿ ಕಂಡಿಲ್ಲ. ಅದೇನು ಒಲೆಯ ಮೇಲಿಟ್ಟ ಹಾಲೇ, ಉಕ್ಕುವುದಕ್ಕೆ? ಕಡ್ಡಿ ಒರೆಸದೆ ನೋಡಿರುತ್ತೀಯ, ಇಲ್ಲವೇ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿರುತ್ತೀಯ. ಜ್ವರ ನೋಡುವ ಕಡ್ಡಿಯನ್ನು ಹೀಗೇ ನೋಡುತ್ತೀಯಾದರೆ ನಿನ್ನ ರೋಗಿಗಳನ್ನು ದೇವರೇ ಕಾಪಾಡಬೇಕು.

ಸುಟ್ಟ ವಾಸನೆಗೆ ಕೀ ತೆಗೆದದ್ದು ಸರಿ. ಅಷ್ಟು ಬುದ್ಧಿಯಾದರೂ ಉಳಿದಿದೆ.

ನನಗನ್ನಿಸುವುದು, ನೀನು ರೂಲನ್ನು ಅರೆಮನಸ್ಸಿನಿಂದ ಪಾಲಿಸುತ್ತಿದ್ದೀಯ. ಇನ್ನೂ ಬಿಗಿ ಮಾಡು. ಸಿಗ್ನಲ್ಲಿನಲ್ಲೂ ಆಫ್ ಮಾಡು. ಗೇಟು ತೆಗೆಯಲು ಇಳಿದಾಗಲೂ ಆಫ್ ಮಾಡು. ಹೆದ್ದಾರಿ ಎಂದು ಕುಣಿಯಬೇಡ, ಟಾಪ್ ಗೇರಿನಲ್ಲಿ ಮದುವೆ ಮೆರವಣಿಗೆಯ ಹಾಗೆ ಹೋಗು. ಗಾಡಿಗೆ ದಣಿವಾಗದಿದ್ದರೆ ಕಾಯಿಲೆಯೂ ಬರುವುದಿಲ್ಲ.

ನಿಮ್ಮ ಮೇಡಂಗೆ ಹೇಳು, ನಮ್ಮ ಮನೆತನದಲ್ಲಿ ಗಾಡಿ ಕೆಡಿಸಿದವರು ಇಲ್ಲ ಎಂದು. ನಿಮ್ಮಪ್ಪನನ್ನು ಬಿಟ್ಟು.

ದೊಡ್ಡಪ್ಪ


ಮಾರ್ಚ್ 25

ದೊಡ್ಡಪ್ಪನವರಿಗೆ,

ನೀವು ಹೇಳಿದ ಹಾಗೇ ಮಾಡಿದೆ. ಸಿಗ್ನಲ್ಲಿನಲ್ಲೂ, ಗೇಟಿನಲ್ಲೂ. ನನ್ನ ಹಿಂದಿನ ಗಾಡಿಗಳವರು ಹಾರನ್ ಹೊಡೆದು ಹೊಡೆದು ನನಗೂ ನಿಮ್ಮ ಹಾಗೆ ಒಂದು ಕಿವಿ ಹೋಗುವುದರಲ್ಲಿತ್ತು.

ಹೋದ ಮಂಗಳವಾರ ಕಾರು ಮತ್ತೆ ಕುಂಟಿತು. ಎಲ್ಲಿ ಅಂತೀರಿ? ಕೇಂದ್ರದ ಗೇಟಿನಲ್ಲೇ, ಮೇಡಂ ಕಾರಿಗೆ ಅಡ್ಡವಾಗಿ. ಗಡಿಯಾರದ ಅಜ್ಜನಿಗೆ ಅವತ್ತೂ ಪಟ್ಟಿ ತಪ್ಪಿತು. ಮರುದಿನ ಹೋದಾಗ ಅವರು ಬೈಯಲಿಲ್ಲ. ‘ಬಂದ್ಯಲ್ಲ, ಸಾಕು ಬಿಡಮ್ಮ’ ಎಂದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಇಲ್ಲಿನ ಗ್ಯಾರೇಜಿನವನು ಕಂಪ್ಯೂಟರ್ ಸಿಕ್ಕಿಸಿ, ನಿಂತಲ್ಲೇ ಎಂಜಿನ್ ಕೂಗಿಸಿ ಏನೋ ಸುಟ್ಟು ಸರಿಮಾಡಿದ. ಎಣ್ಣೆಯನ್ನೂ ಬದಲಾಯಿಸಿದ. ಆಮೇಲೆ, ‘ಓಡ್ಸೋದು ಯಾರು ಕಲಿಸಿದ್ದು ಸಿಸ್ಟರ್?’ ಎಂದು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ನಕ್ಕ. ಅವನು ನಿಮ್ಮ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ನೀವು ಕಾಗದ ಹರಿಯುತ್ತೀರಿ.

ಕಾರು ಯಾರ ತಪ್ಪಿನಿಂದ ಕೆಟ್ಟಿತು ಎಂದು ಏಪ್ರಿಲ್ ಮೂವತ್ತರೊಳಗೆ ಬರೆದುಕೊಡಲು ಮೇಡಂ ಹೇಳಿದ್ದಾರೆ. ನನ್ನ ತಪ್ಪು ಎಂದಾದರೆ ಸ್ಟೋರ್.

ಸೂಜಿ


ಮಾರ್ಚ್ 31

ನಕ್ಕವನು ಯಾರು? ಅವನ ಹೆಸರು, ಗ್ಯಾರೇಜಿನ ವಿಳಾಸ ಎರಡೂ ಕಳಿಸು.

ಬೇಡ, ಕಳಿಸಬೇಡ. ಹಿಂದೆ ನನ್ನ ಲಾರಿಯಲ್ಲಿ ಒಂಬತ್ತು ವರ್ಷ ಕ್ಲೀನರ್ ಆಗಿದ್ದ, ನಾನು ಗ್ರೀಸ್ ಎಂದೇ ಕರೆಯುತ್ತಿದ್ದ ಹುಡುಗ ಈಗ ಸ್ವಂತ ಗ್ಯಾರೇಜು ಇಟ್ಟಿದ್ದಾನಂತೆ. ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು ನಾನು. ಅವನಿಂದಲೇ ಬರೆಸಿಕೊಂಡು ಬರುತ್ತೇನೆ, ತಪ್ಪು ಕಾರಿನದು ಎಂದು. ಆಮೇಲೆ ನಗಲಿ ನಿನ್ನ ಕಂಪ್ಯೂಟರಿನವನು.

ದೊಡ್ಡಪ್ಪ


ಏಪ್ರಿಲ್ 17

ಸೂಜಿಗೆ ಆಶೀರ್ವಾದ.

ಎರಡು ವಾರ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ.

ಗ್ರೀಸನ ಹತ್ತಿರ ಹೋಗಿದ್ದೆ. ದೊಡ್ಡ ಗ್ಯಾರೇಜು. ನೆಲ ಎಷ್ಟು ಚೊಕ್ಕಟವೆಂದರೆ ಚಪ್ಪಲಿ ಹೊರಗೆ ಬಿಡಬೇಕೇನೋ ಅನ್ನಿಸಿತು. ಅವನಿಗೆ ಹೊಟ್ಟೆ ಬಂದಿದೆ, ಕನ್ನಡಕ ಬಂದಿದೆ. ನನ್ನನ್ನು ಕಂಡು ಎದ್ದು ನಿಂತ.

‘ಏನ್ ಯಜಮಾನ್ರೇ, ಇಷ್ಟು ವರ್ಷ ಆದ್ಮೇಲೆ ದಾರಿ ತಪ್ಪಿ ಬಂದ್ರಾ?’

‘ದಾರಿ ತಪ್ಪೋಕೆ ನಾನೇನು ನೀನಾ? ಕೂತ್ಕೋ. ಒಂದು ಕಾಗದ ಬರೆದುಕೊಡು.’

ಎಲ್ಲ ಹೇಳಿದೆ. ದೀಪ, ಕುಂಟು, ಫ್ಯಾನು, ವಾಸನೆ. ಎಣ್ಣೆಯ ವಿಷಯ ಮಾತ್ರ ಹೇಳಲಿಲ್ಲ, ಮರ್ಯಾದೆ ಹೋಗುತ್ತದೆ ಎಂದು. ಅವನು ಕೇಳಿಸಿಕೊಂಡು, ಒಳಗಿನಿಂದ ಒಂದು ದಪ್ಪ ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟ. ಕೊಯ್ದು ಎರಡು ಹೋಳು ಮಾಡಿದ್ದ. ಒಳಗೆಲ್ಲ ಜೇನುಗೂಡಿನ ಹಾಗೆ ಸಣ್ಣ ತೂತು. ತೂತಿನ ತುಂಬ ಮಸಿ.

‘ಇದು ಹೊಗೆ ಸೋಸೋ ಫಿಲ್ಟರು. ಈಗಿನ ಡೀಸೆಲ್ ಗಾಡಿಗಳ ಹೊಗೆ ಕೊಳವೇಲಿ ಕೂತಿರುತ್ತೆ. ಮಸಿ ಹೊರಗೆ ಬಿಡಲ್ಲ, ಎಲ್ಲ ಹಿಡ್ಕೊಳ್ಳುತ್ತೆ. ಚೆನ್ನಾಗಿ ಕಾದಾಗ ತಾನೇ ಸುಟ್ಟು ಬೂದಿ ಮಾಡ್ಕೊಳ್ಳುತ್ತೆ.’

‘ಮಾಡ್ಕೊಳ್ಳಲಿ. ಬೇಡ ಅಂದೋರು ಯಾರು?’

‘ಕಾಯೋಕೆ ಬಿಡಬೇಕಲ್ಲ? ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಬೇಕು. ಎಂಜಿನ್ ಸ್ವಲ್ಪ ಕೂಗೋ ಹಾಗೆ, ಒಂದು ಗೇರು ಕೆಳಗೇ ಇಟ್ಕೊಂಡು. ಮೂರು ನಿಮಿಷ ಓಡಿಸಿ ಆಫ್ ಮಾಡ್ತಿದ್ರೆ ಮಸಿ ಕೂರುತ್ತೆ ಹೊರತು ಸುಡಲ್ಲ. ಟಾಪ್ ಗೇರಲ್ಲಿ ತೆವಳಿಕೊಂಡು ಹೋದ್ರೂ ಅಷ್ಟೇ.’

‘ಹಾಗೆ ಓಡಿಸೋಕೆ ದಾರಿನೇ ಇಲ್ಲದಿದ್ರೆ?’

‘ಮಸಿ ಜಾಸ್ತಿ ಆದಾಗ ಗಾಡೀನೇ ಒದ್ದಾಡುತ್ತೆ ಯಜಮಾನ್ರೇ. ಇನ್ನಷ್ಟು ಡೀಸೆಲ್ ಹಾಕಿ ಕಾವು ಎಬ್ಬಿಸೋಕೆ ನೋಡುತ್ತೆ. ಆವಾಗ್ಲೇ ಎಂಜಿನ್ ಜೋರಾಗೋದು, ಫ್ಯಾನು ತಿರುಗೋದು, ವಾಸನೆ ಬರೋದು. ಅದು ಕಾಯಿಲೆ ಅಲ್ಲ, ಔಷಧಿ. ಸರಿಯಾಗಿ ಅದೇ ಹೊತ್ತಿಗೆ ಯಾರೋ ಪುಣ್ಯಾತ್ಮರು ಕೀ ತೆಗೆದು ಬಾನೆಟ್ ಎತ್ತಿ ಗಾಳಿ ಹಾಕ್ತಾರೆ.’

ನಾನು ಡಬ್ಬಿಯ ಹೋಳನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ.

‘ಪದೇ ಪದೇ ಹಾಗೆ ಮಾಡಿದ್ರೆ, ಉರಿಯದೆ ಉಳಿದ ಡೀಸೆಲ್ ಕೆಳಗಿಳಿದು ಆಯಿಲ್ ಜೊತೆ ಸೇರುತ್ತೆ. ಕಡ್ಡಿ ಎಳೆದು ನೋಡಿದ್ರೆ ಎಣ್ಣೆ ಮೇಲೇರಿರುತ್ತೆ.’

‘ಏನಂದೆ?’

‘ಎಣ್ಣೆ ಏರುತ್ತೆ ಅಂದೆ.’

‘ಕೇಳಿಸ್ತು.’

‘ಇನ್ನು ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿದ್ರೆ ಗಾಡಿ ಈ ಕೆಲಸಕ್ಕೆ ಕೈನೇ ಹಾಕಲ್ಲ. ಅರ್ಧದಲ್ಲಿ ಡೀಸೆಲ್ ಮುಗಿದ್ರೆ ಅಂತ ಅದಕ್ಕೆ ಭಯ.’ ಇಷ್ಟು ಹೇಳಿ ಅವನು ಕನ್ನಡಕ ತೆಗೆದು ಒರೆಸಿಕೊಂಡ. ‘ನಿಂತ್ರೆ ಆಫು, ಎಂಜಿನ್ ಕೂಗಬಾರ್ದು, ಟ್ಯಾಂಕ್ ತುಂಬಿಸಬಾರ್ದು. ಈ ಮೂರನ್ನೂ ನಾನು ಎಲ್ಲೋ ಕೇಳಿದ್ದೀನಲ್ಲ ಯಜಮಾನ್ರೇ? ಒಂಬತ್ತು ವರ್ಷ, ದಿನಕ್ಕೆ ನಾಲ್ಕು ಸಲ?’

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಬಂದೆ. ಬಸ್ ನಿಲ್ದಾಣದವರೆಗೆ ಬಂದು, ಕೊಡೆ ಮರೆತದ್ದು ನೆನಪಾಗಿ ವಾಪಸ್ ಹೋದೆ. ಅವನು ಕೊಡೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಆಗ ನಗಲಿಲ್ಲ. ‘ಆ ಕಾಲದ ಲಾರಿಗೆ ಆ ರೂಲು ಸರಿಯಾಗೇ ಇತ್ತು ಯಜಮಾನ್ರೇ’ ಎಂದ. ಬಡ್ಡೀಮಗ, ಹಾಗೆ ಹೇಳದೇ ಇದ್ದಿದ್ದರೆ ಇನ್ನೊಂದು ತಿಂಗಳು ಸಿಟ್ಟಾಗಿ ಇರಬಹುದಿತ್ತು.

ಆದ್ದರಿಂದ ಕೇಳು. ಮುಳ್ಳು ಅರ್ಧದಿಂದ ಕೆಳಗಿಳಿಯಲು ಬಿಡಬೇಡ. ಫ್ಯಾನು ಕೂಗಿದರೆ ಕೀ ಮುಟ್ಟಬೇಡ, ಇನ್ನೊಂದು ಸುತ್ತು ಹಾಕು. ಹಳದಿ ದೀಪ ಬಂದರೆ ಹೆದ್ದಾರಿಗೆ ಹೋಗಿ, ಗೇರು ಒಂದು ಇಳಿಸಿ, ಇಪ್ಪತ್ತು ನಿಮಿಷ ನಿಲ್ಲದೆ ಓಡಿಸು. ಎಂಜಿನ್ ಕೂಗಿದರೆ ಕೂಗಲಿ. ಇದನ್ನು ಬರೆಯಲು ಪೆನ್ನೇ ಒಪ್ಪುತ್ತಿಲ್ಲ, ಅದಕ್ಕೇ ಅಕ್ಷರ ಹೀಗಿದೆ.

ರೂಲಿಗೆ ವಯಸ್ಸಾಗಿದೆ, ಅಷ್ಟೆ.

ದೊಡ್ಡಪ್ಪ


ಏಪ್ರಿಲ್ 22

ದೊಡ್ಡಪ್ಪನವರಿಗೆ,

ನಿಮ್ಮ ಕಾಗದ ಬಂದ ದಿನವೇ ಹಳದಿ ದೀಪ ಮತ್ತೆ ಹತ್ತಿತ್ತು. ಹೆದ್ದಾರಿಗೆ ಹೋದೆ. ಗೇರು ಇಳಿಸಿದಾಗ ನೀವು ಪಕ್ಕದಲ್ಲೇ ಕೂತು ಬೈದ ಹಾಗಾಯಿತು. ಹದಿನೇಳನೇ ನಿಮಿಷಕ್ಕೆ ದೀಪ ಆರಿತು. ನಾನು ಒಬ್ಬಳೇ ಕಾರಿನಲ್ಲಿ ಚಪ್ಪಾಳೆ ತಟ್ಟಿದೆ. ಸ್ಟೇರಿಂಗ್ ಬಿಟ್ಟು ಅಲ್ಲ, ಒಂದೇ ಕೈಯಿಂದ, ತೊಡೆಯ ಮೇಲೆ.

ಮೇಡಂಗೆ ವಿವರಣೆ ಬರೆದು ಕೊಟ್ಟಾಯಿತು. ‘ನಾನು ಓಡಿಸಿದ ರೀತಿಯಿಂದ ಫಿಲ್ಟರ್ ಕಟ್ಟಿಕೊಂಡಿತು. ಈಗ ತಿದ್ದಿಕೊಂಡಿದ್ದೇನೆ’ ಎಂದು ಬರೆದೆ. ಯಾರು ಕಲಿಸಿದ್ದು ಎಂದು ಬರೆಯಲಿಲ್ಲ. ಬರೆಯುವುದೂ ಇಲ್ಲ. ಕೀ ತಿರುಗಿಸಿದ್ದು ನನ್ನ ಕೈ.

ಮೇ ಒಂದರಿಂದ ಸ್ಟೋರ್ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಆದೇಶ ಇನ್ನೂ ಕೈಗೆ ಬಂದಿಲ್ಲ. ಹೊಸಬರು ಬರುತ್ತಾರೆ ಎಂದು ಗಡಿಯಾರದ ಅಜ್ಜನಿಗೆ ಹೇಳಿದೆ. ‘ಅವರಿಗೆ ನನ್ನ ಕಾಲನ್ನ ಮೊದಲಿಂದ ಪರಿಚಯ ಮಾಡಿಸಬೇಕಲ್ಲಮ್ಮ’ ಎಂದರು.

ನೀವು ಬೇಜಾರು ಮಾಡಿಕೊಳ್ಳಬೇಡಿ. ಊಟ ಹೊತ್ತಿಗೆ ಸರಿಯಾಗಿ ಮಾಡಿ.

ಸೂಜಿ


ಏಪ್ರಿಲ್ 26

ಮನೆ ಭೇಟಿ ಕೇಂದ್ರದ ಸೂಪರಿಂಟೆಂಡೆಂಟ್ ಮೇಡಂ ಅವರಿಗೆ,

ನಾನು ನಿಮ್ಮ ನರ್ಸಿನ ದೊಡ್ಡಪ್ಪ. ನಿವೃತ್ತ ಲಾರಿ ಡ್ರೈವರ್.

ಕಾರು ಕುಂಟಿದ್ದು ಕಾರಿನ ತಪ್ಪಲ್ಲ. ಹುಡುಗಿಯ ತಪ್ಪೂ ಅಲ್ಲ. ಓಡಿಸುವುದು ಹೇಳಿಕೊಟ್ಟವನ ತಪ್ಪು, ಹೇಳಿಕೊಟ್ಟವನು ನಾನು. ಈ ನಾಲ್ಕು ಸಾಲು ಬರೆಯಲು ನನಗೆ ಎರಡು ದಿನ ಹಿಡಿಯಿತು. ಆದ್ದರಿಂದ ನೀವೂ ನಿಧಾನವಾಗಿ ಓದಬೇಕು.

ನಿಂತರೆ ಆಫ್ ಮಾಡು ಎಂದವನು ನಾನು. ಎಂಜಿನ್ ಕೂಗಿಸಬೇಡ ಎಂದವನು ನಾನು. ಟ್ಯಾಂಕು ಖಾಲಿ ಇಡು ಎಂದವನೂ ನಾನೇ. ಅವಳು ಫೆಬ್ರುವರಿಯಲ್ಲೇ ಎಣ್ಣೆ ಏರಿದೆ ಎಂದು ಬರೆದಳು. ನಿನಗೆ ಕಡ್ಡಿ ನೋಡಲು ಬರುವುದಿಲ್ಲ ಎಂದು ಬೈದೆ. ಅವಳು ನೋಡಿದ್ದು ಸರಿಯಾಗಿತ್ತು. ಅವಳಿಗೆ ರೋಗ ಗೊತ್ತಾಗಿತ್ತು, ವೈದ್ಯ ದಡ್ಡನಾಗಿದ್ದ.

ಮೇಡಂ, ಲೋಕದಲ್ಲಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ. ನನ್ನ ತಮ್ಮ ಕೇಳುವುದಿಲ್ಲ. ಪಕ್ಕದ ಮನೆಯ ನಾಯಿ ಕೇಳುವುದಿಲ್ಲ. ಚಾಚೂ ತಪ್ಪದೆ ಕೇಳಿದವಳು ಇವಳೊಬ್ಬಳು, ಕೇಳಿದ್ದಕ್ಕೇ ಕೆಟ್ಟಳು. ಹೇಳಿದ ಮಾತು ಕೇಳುವವಳನ್ನು ಕಿಟಕಿಯಿಲ್ಲದ ಕೋಣೆಗೆ ತಳ್ಳಿದರೆ ನಿಮ್ಮ ಕೇಂದ್ರದಲ್ಲಿ ಹೊರಗೆ ಉಳಿಯುವವರು ಎಂಥವರು? ಯೋಚನೆ ಮಾಡಿ.

ಇನ್ನೊಂದು. ಎಂಟು ಮನೆ ಕೂಗಳತೆಯಲ್ಲಿರುವಾಗ ಡೀಸೆಲ್ ಕಾರು ಕೊಂಡವರ ತಲೆಯನ್ನೂ ಒಮ್ಮೆ ಬಾನೆಟ್ ಎತ್ತಿ ನೋಡಬೇಕು. ಕೊಂಡದ್ದಾಯಿತು, ಬಿಡಿ. ಆದರೆ ಹತ್ತಿರದ ಮನೆ ಮೊದಲು, ದೂರದ ಮನೆ ಕೊನೆಗೆ ಎಂದು ಪಟ್ಟಿ ಮಾಡಿದವರು ಯಾರು? ದೂರದ ಗಡಿಯಾರದವರ ಮನೆ ಮೊದಲು ಇರಲಿ. ಬೆಳಗ್ಗೆಯೇ ಹೆದ್ದಾರಿಯಲ್ಲಿ ಇಪ್ಪತ್ತೈದು ನಿಮಿಷ ಓಡಿದರೆ ಗಾಡಿಯ ಎದೆ ಹಗುರಾಗುತ್ತದೆ. ಅವರ ಕಾಲಿಗೂ ಹೊತ್ತಿಗೆ ಸರಿಯಾಗಿ ಪಟ್ಟಿ ಬೀಳುತ್ತದೆ. ಇಷ್ಟು ತಿಳಿಯಲು ಓದು ಬೇಕಾಗಿಲ್ಲ. ನಾನೇ ಸಾಕ್ಷಿ.

ಶಿಕ್ಷೆ ಕೊಡಲೇಬೇಕೆಂದಿದ್ದರೆ ನನಗೆ ಕೊಡಿ. ಹತ್ತಿ, ಬ್ಯಾಂಡೇಜು ನೋಡಿಕೊಳ್ಳಲು ನನಗೆ ಬರುತ್ತದೆ.

ಈ ಕಾಗದದ ವಿಷಯ ಅವಳಿಗೆ ತಿಳಿಸಬೇಡಿ.

ಇಂತಿ,
ಹೇಳಿಕೊಟ್ಟವನು


ಮೇ 8

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ಅದರಲ್ಲಿ ನನ್ನನ್ನು ಎರಡು ಕಡೆ ಬೈದಿದ್ದೀರಿ. ಕಾರು ಕೊಂಡವಳೂ ನಾನೇ, ಪಟ್ಟಿ ಮಾಡಿದವಳೂ ನಾನೇ. ಆ ಭಾಗಗಳನ್ನು ಕಡತಕ್ಕೆ ಸೇರಿಸಿಲ್ಲ.

ನಿಮ್ಮ ಮಗಳಂಥ ನರ್ಸ್, ಎಲ್ಲ ತಪ್ಪು ತನ್ನದೇ ಎಂದು ಬರೆದುಕೊಟ್ಟಿದ್ದಾರೆ. ನೀವು ಎಲ್ಲ ತಪ್ಪು ನಿಮ್ಮದೇ ಎಂದು ಬರೆದಿದ್ದೀರಿ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ. ಯಾರೆಂದು ಊಹಿಸಲು ನನಗೆ ಕಷ್ಟವಾಗಲಿಲ್ಲ. ಸ್ಟೋರಿನ ಆದೇಶ ರದ್ದಾಗಿದೆ. ಮೇ ಇಪ್ಪತ್ತರಿಂದ ಅವರು ದೂರದ ಮನೆಯಿಂದ ಭೇಟಿ ಆರಂಭಿಸುತ್ತಾರೆ.

ಒಂದು ಷರತ್ತಿದೆ. ಮೊದಲ ದಿನ ನೀವು ಬಂದು ಅವರ ಪಕ್ಕದಲ್ಲಿ ಕೂತು, ನಿಮ್ಮ ಮೂರು ರೂಲುಗಳನ್ನು ನೀವೇ ವಾಪಸ್ ತೆಗೆದುಕೊಳ್ಳಬೇಕು. ಆಮೇಲೆ ದಾರಿಯುದ್ದಕ್ಕೂ ಓಡಿಸುವವರಿಗೆ ಏನನ್ನೂ ಹೇಳಬಾರದು. ನಿಮ್ಮ ಪತ್ರ ಓದಿದ ಮೇಲೆ ಇದೇ ಸಾಕಷ್ಟು ಶಿಕ್ಷೆ ಎಂದು ನನಗೆ ಅನ್ನಿಸಿದೆ.

ವಿಷಯವನ್ನು ಅವರಿಗೆ ತಿಳಿಸದೆ ಇರಲು ಆಗಲಿಲ್ಲ. ಆದೇಶದ ಪ್ರತಿ ಅವರಿಗೂ ಹೋಗುತ್ತದೆ.

ಇಂತಿ,
ಸೂಪರಿಂಟೆಂಡೆಂಟ್


ಮೇ 14

ಸೂಜಿಗೆ ಆಶೀರ್ವಾದ.

ಇಪ್ಪತ್ತರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಕಾರು ತರಬೇಡ. ಮೂರು ನಿಮಿಷದ ದಾರಿಗೆ ಎಂಜಿನ್ ಹಚ್ಚುವುದು ಪಾಪ ಎಂದು ಈಗ ನನಗೂ ಗೊತ್ತು. ನಡೆದೇ ಬರುತ್ತೇನೆ.

ನಿಮ್ಮ ಮೇಡಂ ನನ್ನ ಕಾಗದ ತೋರಿಸಿದರೆ ಓದಬೇಡ. ಅದು ಆಫೀಸಿನ ಕಾಗದ, ಮನೆಯವರು ಓದುವಂಥದ್ದಲ್ಲ. ಆಗಲೇ ಓದಿದ್ದರೆ ಓದಿಲ್ಲ ಎಂದು ಹೇಳು. ನಾನು ನಂಬುತ್ತೇನೆ.

ಹೆಂಗಸು ಗಟ್ಟಿ ಇದ್ದಾರೆ. ಅಂಥ ಷರತ್ತು ನನಗೆ ಯಾವ ಪೊಲೀಸಿನವನೂ ಹಾಕಿರಲಿಲ್ಲ. ಅಭ್ಯಾಸವಾಗಲಿ ಎಂದು ಮೊನ್ನೆ ಗ್ರೀಸನ ಕಾರಿನಲ್ಲಿ ಕೂತೆ. ಅವನು ಓಡಿಸಿದ, ನಾನು ಬಾಯಿ ಮುಚ್ಚಿಕೊಂಡೆ. ಆರನೇ ನಿಮಿಷಕ್ಕೆ ಅವನ ಕ್ಲಚ್ಚಿನ ವಿಷಯ ಬಾಯಿಗೆ ಬಂದುಬಿಟ್ಟಿತು. ನಿನ್ನೆ ಹನ್ನೊಂದು ನಿಮಿಷ ತಡೆದೆ, ಆದರೆ ಅಷ್ಟರಲ್ಲಿ ಬೆವತುಹೋಗಿದ್ದೆ. ‘ಯಜಮಾನ್ರೇ, ನಿಮ್ಮ ಫಿಲ್ಟರೂ ಕಟ್ಕೊಂಡಿದೆ’ ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ. ಒಂಬತ್ತು ವರ್ಷದ ಬಾಕಿ ಅವನದು.

ಗಡಿಯಾರದವರಿಗೆ ಹೇಳಿಡು, ಪಟ್ಟಿ ಕಟ್ಟುವಾಗ ನಾನು ಹೊರಗೇ ಕೂತಿರುತ್ತೇನೆ ಎಂದು. ಅವರಿಗೆ ಆಗಬಾರದ್ದು ಆಗಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಬರುತ್ತಿದ್ದೆನೋ ಗೊತ್ತಿಲ್ಲ.

ಕೊನೆಯದಾಗಿ ಒಂದು ಮಾತು. ಅವರ ಮನೆಗೆ ಇಪ್ಪತ್ತೈದು ನಿಮಿಷ ಅಂದೆ. ಮಸಿ ಸುಡಲು ಇಪ್ಪತ್ತು ಸಾಕು ಎಂದು ಗ್ರೀಸ್ ಹೇಳುತ್ತಾನೆ. ಆ ಇಪ್ಪತ್ತು ನಿಮಿಷ ನೀನು ಹೇಗೆ ಬೇಕಾದರೂ ಓಡಿಸು, ನಾನು ಕಿಟಕಿಯ ಆಚೆ ನೋಡುತ್ತಾ ಕೂರುತ್ತೇನೆ. ಉಳಿದ ಐದು ನಿಮಿಷ ಬಾಯಿ ಬಿಡಲು ನನಗೆ ಬೇಕು. ಮೇಡಂಗೆ ಹೇಳಬೇಡ.

ಇಂತಿ ನಿನ್ನ
ದೊಡ್ಡಪ್ಪ